ನಿಲ್ಲುವಾಗ ಯಾಕೆ ನೋಯಬೇಕು

ಎಪ್ರಿಲ್ ತಿಂಗಳ ಮಧ್ಯಾಹ್ನ, ಕಾಗೆಗಳು ಕೂಡ ಸೆಕೆಗೆ ಬಾಯಿ ತೆರೆದು ಕುಳಿತಿರುವ ಹೊತ್ತಿನಲ್ಲಿ, ಜೆಪ್ಪುವಿನ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಹೆಂಗಸು ಐಸ್ ಸ್ಕೇಟಿಂಗ್ ಬೂಟು ಹಾಕಿಕೊಂಡು ಮಲ್ಲಿಗೆ ಗಿಡಗಳಿಗೆ ನೀರು ಬಿಡುತ್ತಿದ್ದರು. ಮೈಮೇಲೆ ಹೂವಿನ ಫ್ರಾಕು, ತಲೆಯಲ್ಲಿ ಗಿಡ್ಡಕ್ಕೆ ಕತ್ತರಿಸಿದ ನರೆಗೂದಲು. ಕಾಲಲ್ಲಿ ಬಿಳಿ ಚರ್ಮದ ಎತ್ತರದ ಬೂಟು, ಅದರಡಿಯ ಉಕ್ಕಿನ ಬ್ಲೇಡಿಗೆ ನೀಲಿ ರಬ್ಬರಿನ ಕವಚ. ಟಕ್ ಟಕ್ ಎಂದು ಸಿಮೆಂಟಿನ ಅಂಗಳದಲ್ಲಿ ನಡೆಯುತ್ತ, ನಡುವೆ ಮೊಣಕಾಲು ಬಗ್ಗಿಸಿ ಎದ್ದು ಮತ್ತೆ ನೀರು ಬಿಡುವರು.

ಫ್ಲೇವಿಬಾಯಿ ಎಂದರೆ ಓಣಿಗೆಲ್ಲ ಗೊತ್ತು. ಗಲ್ಫಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದು, ನಿವೃತ್ತರಾಗಿ ಊರಿಗೆ ಬಂದವರು. ಮದುವೆಯಾಗಿರಲಿಲ್ಲ. ಅದಕ್ಕೆ ಕಾರಣ ಕೇಳಿದವರಿಗೆ "ಸಮಯ ಸಿಗ್ಲಿಲ್ಲ, ನೈಟ್ ಡ್ಯೂಟಿ ಇತ್ತು" ಎನ್ನುತ್ತಿದ್ದರು. ಬರುವಾಗ ಬೇರೆಯವರು ಚಿನ್ನ ತಂದರು, ಟಿ.ವಿ. ತಂದರು, ಇವರು ಈ ಬೂಟನ್ನು ಮಡಿಲ ಮೇಲಿಟ್ಟುಕೊಂಡು ವಿಮಾನದಲ್ಲಿ ಬಂದರಂತೆ. ಮೀನು ಮಾರುವ ಜಾನಕಿ ಒಮ್ಮೆ ಗೇಟಿನಲ್ಲಿ ಬುಟ್ಟಿ ಇಳಿಸಿ ನಕ್ಕಿದ್ದಳು. "ಬಾಯಮ್ಮ, ಮಂಗಳೂರಲ್ಲಿ ಐಸ್ ಉಂಟೆಂದ್ರೆ ಈ ಬುಟ್ಟಿಯಲ್ಲಿ ಮಾತ್ರ. ಇದರ ಮೇಲೆ ಹತ್ತುತ್ತೀರಾ?"

"ಐಸ್ ಇಲ್ಲದ್ದು ಮಂಗಳೂರಿನ ತಪ್ಪು," ಎಂದರು ಫ್ಲೇವಿಬಾಯಿ ಬಂಗುಡೆಯ ಕಿವಿರು ಎತ್ತಿ ನೋಡುತ್ತ. "ನನ್ನ ತಪ್ಪಲ್ಲ. ಬೂಟು ಹಾಕದೆ ಇಟ್ರೆ ಗಟ್ಟಿಯಾಗ್ತದೆ. ಐಸ್ ಸಿಕ್ಕಿದ ದಿನ ಕಾಲು ಕಚ್ಚಿದ್ರೆ ಎಂತ ಮಾಡುದು?"

ನಾನು ಅವರ ಕೈಗೆ ಸಿಕ್ಕಿದ್ದು ಕುಂಟುತ್ತ ಮನೆಗೆ ಹೋಗುತ್ತಿದ್ದ ಒಂದು ಸಂಜೆ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಚಕ್ರದ ಸ್ಕೇಟಿಂಗ್‌ನಲ್ಲಿ ಕುಣಿಯುವುದು, ಸುತ್ತುವುದು ಚೆನ್ನಾಗಿ ಬರುತ್ತಿತ್ತು. ಮಂಗಳೂರಿನ ಮಕ್ಕಳಿಗೆ ಅದು ಹೊಸತಲ್ಲ. ನಮ್ಮ ಕೋಚ್ ಕೆಲವರನ್ನು ಆರಿಸಿ, ಉತ್ತರದಲ್ಲಿ ಬೆಟ್ಟದ ಬುಡದ ಒಂದು ಊರಿನಲ್ಲಿ ನಡೆಯುವ ಐಸ್ ಸ್ಕೇಟಿಂಗ್ ಆಯ್ಕೆ ಸ್ಪರ್ಧೆಗೆ ಕರೆದೊಯ್ಯುವವರಿದ್ದರು. ಯಾರೋ ದಾನಿಗಳು ಎಲ್ಲರಿಗೂ ಹೊಸ ಬೂಟು ಕೊಡಿಸಿದ್ದರು. ಬೂಟಿನ ಅಭ್ಯಾಸವಾಗಲಿ ಎಂದು ಕೋಚ್ ಅದನ್ನು ಹಾಕಿಸಿ ರಬ್ಬರ್ ಹಾಸಿನ ಮೇಲೆ ಕುಣಿಸುತ್ತಿದ್ದರು. ನನ್ನ ಪಾದ ಅಗಲ. ಬೂಟಿನೊಳಗೆ ಬೆರಳುಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತಿದ್ದವು. ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆದಿತ್ತು. "ರಕ್ತ ಬಂತಾ? ಒಳ್ಳೇದು. ಬೂಟು ಹೊಂದ್ತಾ ಉಂಟು ಅಂತ ಅರ್ಥ," ಎಂದಿದ್ದರು ಕೋಚ್.

"ಏ ಶ್ರಾವ್ಯಾ, ಕಾಲಿಗೆ ಎಂತಾಯ್ತು?" ಫ್ಲೇವಿಬಾಯಿ ಗೇಟಿನಿಂದ ಕೂಗಿದರು. ನಾನು ಏನಿಲ್ಲ ಎಂದೆ. "ಏನಿಲ್ಲದವರು ಹಾಗೆ ನಡೆಯುದಿಲ್ಲ. ಒಳಗೆ ಬಾ."

ಜಗಲಿಯಲ್ಲಿ ಕೂರಿಸಿ ಗಾಯ ತೊಳೆದರು. ನಂತರ ನನ್ನ ಚೀಲದಿಂದ ಬೂಟು ತೆಗೆದು ಒಳಗಿನ ಹಾಸನ್ನು ಎಳೆದು ನೆಲಕ್ಕೆ ಹಾಕಿ, ಅದರ ಮೇಲೆ ಬರಿಗಾಲಲ್ಲಿ ನಿಲ್ಲು ಎಂದರು. ನಿಂತೆ. ಹೆಬ್ಬೆರಳು ಮುಂದೆ ಹೊರಗೆ, ಕಿರುಬೆರಳು ಪಕ್ಕಕ್ಕೆ ಹೊರಗೆ. ಹಾಸು ನನ್ನ ಪಾದದಡಿ ಕಾಣಲೇ ಇಲ್ಲ.

"ನನ್ನ ಕಾಲೇ ಸರಿ ಇಲ್ಲ ಬಾಯಿ," ಎಂದೆ. ಕೋಚ್ ಹಾಗೆ ಹೇಳಿದ್ದರು, ನಾನೂ ನಂಬಿದ್ದೆ.

ಅವರು ಹಾಸನ್ನು ಎತ್ತಿ ನನ್ನ ಪಾದದ ಪಕ್ಕ ಹಿಡಿದರು. "ಈ ಕಾಲನ್ನು ದೇವರು ಮಾಡಿದ್ದು. ಬೂಟು ಫ್ಯಾಕ್ಟರಿಯಲ್ಲಿ ಮಾಡಿದ್ದು. ಸರಿ ಮಾಡ್ಬೇಕಾದ್ದು ಯಾವುದನ್ನು, ನೀನೇ ಹೇಳು."

ಮರುದಿನ ಅವರು ನನ್ನ ಜೊತೆ ಅಭ್ಯಾಸದ ಜಾಗಕ್ಕೆ ಬಂದರು. ಕೋಚ್ ಒಳ್ಳೆಯವರೇ, ಆದರೆ ಅವರ ಮಾತಿಗೆ ಎದುರು ಮಾತು ಎಂಬುದು ಇರಲಿಲ್ಲ. ಸಾಲಾಗಿ ನಿಂತ ಮಕ್ಕಳ ತಾಯಂದಿರೂ ಉಸಿರೆತ್ತುತ್ತಿರಲಿಲ್ಲ. ಫ್ಲೇವಿಬಾಯಿ ಬೂಟನ್ನು ಅವರ ಮೇಜಿನ ಮೇಲಿಟ್ಟರು.

"ಇದು ಇವಳಿಗೆ ಗಿಡ್ಡ. ಅಗಲ ಕಮ್ಮಿ ಇದ್ರೆ ಏನಾದ್ರೂ ಮಾಡ್ಬಹುದು, ಉದ್ದ ಕಮ್ಮಿ ಇದ್ರೆ ಮಾಡ್ಲಿಕ್ಕೆ ಆಗುದಿಲ್ಲ. ಬದಲಿಸಿ ಕೊಡಿ."

"ಬಾಯಮ್ಮ, ಬಿಗಿ ಇದ್ರೇ ಬ್ಲೇಡು ಹೇಳಿದ ಹಾಗೆ ಕೇಳುದು. ಕಷ್ಟಪಡದೆ ಯಾರೂ ಮೇಲೆ ಬರ್ಲಿಲ್ಲ."

"ಕಷ್ಟಪಡ್ಲಿ. ಹಾರುವಾಗ ಪಡ್ಲಿ, ಬೀಳುವಾಗ ಪಡ್ಲಿ. ಬರೇ ನಿಲ್ಲುವಾಗ ಯಾಕೆ ನೋಯ್ಬೇಕು?"

ಕೋಚ್ ಮುಖ ಕೆಂಪಾಯಿತು. "ಇದರಲ್ಲಿ ಆಗುದಿಲ್ಲ ಅಂದ್ರೆ ಬಿಡ್ಲಿ. ಬೇರೆ ಮಕ್ಕಳಿದ್ದಾರೆ."

"ಬೂಟನ್ನು ಬಿಡ್ತಾಳೆ. ಸ್ಕೇಟಿಂಗ್ ಬಿಡುದಿಲ್ಲ," ಎಂದು ಫ್ಲೇವಿಬಾಯಿ ನನ್ನ ಕೈ ಹಿಡಿದು ಹೊರಟೇಬಿಟ್ಟರು. ಬಸ್ ಸ್ಟಾಪಿನವರೆಗೂ ನಾನು ಅಳುತ್ತಿದ್ದೆ. ನನ್ನ ಆಯ್ಕೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವರು ಸಮಾಧಾನ ಹೇಳಲಿಲ್ಲ. "ಅಳು, ಆದ್ರೆ ನೆಟ್ಟಗೆ ನಡಿ," ಎಂದರು.

ಗಲ್ಫಿನಲ್ಲಿ ಅವರ ಜೊತೆ ದುಡಿದ ಮಾರಿಸೆಲ್ ಎಂಬ ಫಿಲಿಪಿನೋ ನರ್ಸಿಗೆ ಫೋನು ಹೋಯಿತು. ಫ್ಲೇವಿಬಾಯಿಗೆ ಸ್ಕೇಟಿಂಗ್ ಕಲಿಸಿದವಳೇ ಆಕೆ. ಅಲ್ಲಿನ ಮಾಲ್ ಒಂದರ ಐಸ್ ಅಂಗಳದಲ್ಲಿ, ನಡುವಯಸ್ಸು ದಾಟಿದ ಮೇಲೆ, ಚಿಕ್ಕ ಮಕ್ಕಳ ತರಗತಿಯಲ್ಲಿ ನಿಂತು ಕಲಿತದ್ದು. ಬಾಡಿಗೆ ಬೂಟು ದೊಡ್ಡದಾಗಿ, ಒಳಗೆ ಕಾಲು ಜಾರಿ, ಇವರು ಮತ್ತೆ ಮತ್ತೆ ಬೀಳುವುದನ್ನು ಕಂಡು ಅಲ್ಲಿನ ಮ್ಯಾನೇಜರ್ "ಮೇಡಂ, ಇದು ನಿಮಗಲ್ಲ" ಎಂದನಂತೆ. "ಅವತ್ತೇ ತೀರ್ಮಾನ ಮಾಡಿದೆ," ಎನ್ನುತ್ತಿದ್ದರು, "ನನ್ನ ಅಳತೆಯ ಬೂಟು ತಗೊಂಡು, ಅವನ ಎದುರೇ ಹಿಂದು ಹಿಂದಕ್ಕೆ ಜಾರಿಕೊಂಡು ಹೋಗಿ ತೋರಿಸ್ತೇನೆ ಅಂತ."

ರಜೆಗೆ ಬಂದ ಯಾರದೋ ಪೆಟ್ಟಿಗೆಯಲ್ಲಿ ಮಾರಿಸೆಲ್ ಕಳಿಸಿದ ಜೋಡಿ ಬಂತು. ಬಳಸಿದ್ದು, ಆದರೆ ಗಟ್ಟಿ. ಉದ್ದ ಸರಿಯಾಗಿತ್ತು: ನೆಟ್ಟಗೆ ನಿಂತಾಗ ಹೆಬ್ಬೆರಳು ತುದಿಯನ್ನು ಮೆಲ್ಲನೆ ಮುಟ್ಟುತ್ತಿತ್ತು, ಮೊಣಕಾಲು ಬಗ್ಗಿಸಿದೊಡನೆ ಹಿಂದಕ್ಕೆ ಸರಿದು ಹಿಮ್ಮಡಿ ತನ್ನ ಗುಂಡಿಯಲ್ಲಿ ಕೂರುತ್ತಿತ್ತು. ಪಾದದ ಗಂಟಿನ ಬಳಿ ಮಾತ್ರ ಒತ್ತುತ್ತಿತ್ತು. ಫ್ಲೇವಿಬಾಯಿ ತಮ್ಮ ಕೆಂಪು ಲಿಪ್‌ಸ್ಟಿಕ್ ತಂದು ನನ್ನ ಕಾಲಿನ ಆ ಮೂಳೆಗೆ ಬಳಿದು, ಬೂಟು ಹಾಕಿಸಿ ತೆಗೆಸಿದರು. ಒಳಗೆ ಒತ್ತುವ ಜಾಗದಲ್ಲಿ ಕೆಂಪು ಗುರುತು ಬಿದ್ದಿತ್ತು. ಅಲ್ಲಿಗೆ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು, ಮೆತ್ತಗಾದ ಮೇಲೆ ಸೌಟಿನ ದುಂಡು ಬೆನ್ನನ್ನು ಒಳಗಿನಿಂದ ಒತ್ತಿ, ತಣಿಯುವವರೆಗೂ ಬಿಡದೆ ಹಿಡಿದರು. ಮತ್ತೆ ಲಿಪ್‌ಸ್ಟಿಕ್, ಮತ್ತೆ ಬಿಸಿ. ಹೊಗೆಯಾಡದಿದ್ದರೂ ಚರ್ಮದ ವಾಸನೆ ಓಣಿಗೆಲ್ಲ ಹಬ್ಬಿತು.

ನನ್ನ ಅಪ್ಪ ದೇವಸ್ಥಾನದ ಅರ್ಚಕರು. ಸಂಜೆಯ ಪೂಜೆಗೆ ಹೊರಟವರು ಗೇಟಿನ ಹೊರಗೇ ನಿಂತು, "ಬಾಯಮ್ಮ, ಎಂತ ಅಡುಗೆ ಮಾಡುದು?" ಎಂದು ಕೇಳಿದರು.

"ಭಟ್ರೇ, ನಿಮ್ಮ ಮಗಳ ಬೂಟು. ಉಪ್ಪು ನೋಡ್ತೀರಾ?"

ಅಪ್ಪ ನಕ್ಕುಬಿಟ್ಟರು. ಚರ್ಮದ ಬೂಟು ಮನೆಯೊಳಗೆ ಬರಕೂಡದು ಎಂಬುದು ನಮ್ಮ ಅಜ್ಜಿಯ ಕಟ್ಟಪ್ಪಣೆಯಾದ್ದರಿಂದ ನನ್ನ ಬೂಟು ಫ್ಲೇವಿಬಾಯಿಯ ಮನೆಯಲ್ಲೇ ಉಳಿಯಿತು. ಅದನ್ನು ಹದಮಾಡಲು ದಿನವೂ ನಾನು ಅಲ್ಲಿಗೆ ಹೋದೆ. ಇಬ್ಬರೂ ಬೂಟು ಹಾಕಿಕೊಂಡು ಅಡುಗೆಮನೆಯಲ್ಲಿ ಇಡ್ಲಿಯಂಥ ಸಣ್ಣಾಸ್‌ಗೆ ಹಿಟ್ಟು ಹೊಯ್ಯುತ್ತಿದ್ದೆವು. ಒಂದೇ ಒಂದು ತೆಳು ಕಾಲುಚೀಲ, ಎರಡಲ್ಲ. ಬೆರಳಿನ ಕಡೆ ಲೇಸು ಸಡಿಲ, ಪಾದ ಬಾಗುವಲ್ಲಿ ಬಿಗಿ, ಮೇಲೆ ಪುನಃ ಸ್ವಲ್ಪ ಸಡಿಲ. "ಬೆರಳಿಗೆ ಮಾತಾಡ್ಲಿಕ್ಕೆ ಜಾಗ ಬೇಕು. ಹಿಮ್ಮಡಿ ಬಾಯಿ ಮುಚ್ಚಿ ಕೂತ್ಕೊಳ್ಬೇಕು," ಎನ್ನುವರು.

ಅಪ್ಪ ಒಂದು ದಿನ ಶಾಲು ಹೊದ್ದು ಕೋಚ್ ಬಳಿ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೋ ನನಗೆ ಹೇಳಲಿಲ್ಲ. "ನಿನ್ನದೇ ಬೂಟಲ್ಲಿ ಬರ್ಬಹುದಂತೆ. ಬಿದ್ರೆ ಅವರನ್ನು ಕೇಳ್ಬಾರದಂತೆ," ಎಂದಷ್ಟೇ ಹೇಳಿದರು. ಅಪ್ಪನಿಗೆ ದೇವಸ್ಥಾನ ಬಿಡುವಂತಿರಲಿಲ್ಲ, ಟೀಚರಾಗಿದ್ದ ಅಮ್ಮನಿಗೆ ಶಾಲೆಯ ಪರೀಕ್ಷೆಯ ಕೆಲಸ. ರೈಲಿನಲ್ಲಿ ನನ್ನ ಜೊತೆ ಬಂದದ್ದು ಫ್ಲೇವಿಬಾಯಿ, ತಮ್ಮ ಬಿಳಿ ಬೂಟಿನ ಸಮೇತ.

ಅಲ್ಲಿ ನಾನು ಗೆಲ್ಲಲಿಲ್ಲ. ಹುಟ್ಟಿದಾಗಿನಿಂದ ಹಿಮ ಕಂಡ ಹುಡುಗಿಯರ ನಡುವೆ ನಾನು ಐಸಿನ ಮೇಲೆ ಕಾಲಿಟ್ಟದ್ದು ಅದೇ ಮೊದಲು. ಒಂದು ಸುತ್ತಿನಲ್ಲಿ ಬಿದ್ದೆ, ಎದ್ದು ಮುಗಿಸಿದೆ, ಆಯ್ಕೆಯಾದವರಲ್ಲಿ ನನ್ನ ಹೆಸರಿರಲಿಲ್ಲ. ಕೋಚ್ ಹತ್ತಿರ ಬಂದು, "ಹೇಳಿದೆನಲ್ಲ," ಎಂದು ಹೋದರು.

ಫ್ಲೇವಿಬಾಯಿ ಬೆಂಚಿನ ಎದುರು ಕುಕ್ಕರಗಾಲಲ್ಲಿ ಕುಳಿತು ನನ್ನ ಬೂಟು ಬಿಚ್ಚಿದರು. ಪಾದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲಿಯೂ ಕೆಂಪಾಗಿರಲಿಲ್ಲ.

"ನಾಳೆ ಪುನಃ ಹಾಕ್ಲಿಕ್ಕೆ ಆಗ್ತದಾ?"

"ಆಗ್ತದೆ."

"ಹಾಗಾದ್ರೆ ಸೋತದ್ದು ಇವತ್ತಿಗೆ ಮಾತ್ರ. ಏಳು, ಈಗ ನನ್ನ ಸರದಿ."

ಮಧ್ಯಾಹ್ನ ಐಸನ್ನು ಸಾರ್ವಜನಿಕರಿಗೆ ಬಿಡುತ್ತಿದ್ದರು. ಬಾಗಿಲಲ್ಲಿದ್ದ ಕಾವಲಿನವನು ಅವರ ನರೆಗೂದಲು ನೋಡಿ ಕೈ ಅಡ್ಡ ಹಿಡಿದ. ಮಾತಾಜಿ, ನೀವು ಕುಳಿತು ನೋಡಿ ಎಂದು ಹಿಂದಿಯಲ್ಲಿ ಹೇಳಿದ. ಫ್ಲೇವಿಬಾಯಿ ತಮ್ಮ ಗಲ್ಫಿನ ಹಿಂದಿಯಲ್ಲಿ, "ಕುಳಿತು ನೋಡಲು ನನ್ನ ಊರಿನಲ್ಲಿ ಸಮುದ್ರವೇ ಇದೆ," ಎಂದು ಉತ್ತರ ಕೊಟ್ಟು, ಅವನ ಕಾಲಬುಡದಲ್ಲೇ ಕುಳಿತು ಲೇಸು ಕಟ್ಟಲು ತೊಡಗಿದರು. ಅವಸರವೇ ಇಲ್ಲ. ಒಂದೊಂದೇ ಕೊಂಡಿ. ಎದ್ದು ನಿಂತು, ಮೊಣಕಾಲು ಬಗ್ಗಿಸಿ, ಬಲಗಾಲಿನ ಲೇಸಿನ ಗಂಟು ಸರಿ ಬರಲಿಲ್ಲವೆಂದು ಪುನಃ ಕುಳಿತು ಬಿಚ್ಚಿ ಕಟ್ಟಿದರು. ಅಷ್ಟು ಹೊತ್ತು ನೋಡುತ್ತ ನಿಂತ ಮನುಷ್ಯ ಕೊನೆಗೆ ತಾನೇ ಬಾಗಿಲು ತೆರೆದ.

ಐಸಿನ ಮೇಲೆ ಅವರು ಬೇರೆಯವರಾಗಿಬಿಟ್ಟರು. ಮೊದಲ ಸುತ್ತು ಅಂಚಿನಲ್ಲಿ, ಕೈ ತಾಗಿಸಿಯೂ ತಾಗಿಸದೆ. ಎರಡನೆಯದರಲ್ಲಿ ಬೆನ್ನು ನೆಟ್ಟಗಾಯಿತು. ಆಮೇಲೆ ಸೊಂಟ ತಿರುಗಿಸಿ ಹಿಂದು ಹಿಂದಕ್ಕೆ ಹೋಗತೊಡಗಿದರು, ಕಾಲಿನ ಮೇಲೆ ಕಾಲು ದಾಟಿಸುತ್ತ, ಫ್ರಾಕಿನ ಮೇಲೆ ತೊಟ್ಟ ಸ್ವೆಟರಿನ ತೋಳು ಅಗಲಿಸಿ. ಮುಖದಲ್ಲಿ ನಗುವಿರಲಿಲ್ಲ. ಯಾರೊಂದಿಗೋ ವಾದ ಮಾಡಿ ಗೆಲ್ಲುತ್ತಿರುವವರ ಮುಖ. ಮಕ್ಕಳು ಸರಿದು ದಾರಿ ಬಿಟ್ಟರು. ದೂರದಲ್ಲಿ ಕೋಚ್ ಚಹಾದ ಲೋಟ ಹಿಡಿದು ನಿಂತಿದ್ದರು. ಚಹಾ ಕುಡಿಯಲಿಲ್ಲ.

ಅವರನ್ನು ನಾನು ಐಸಿನ ಮೇಲೆ ನೋಡಿದ್ದು ಆ ಒಂದೇ ಸಲ. ನಾನು ಮತ್ತೆ ಹೋದೆ, ಮುಂದಿನ ವರ್ಷ ರಾಜ್ಯದ ತಂಡಕ್ಕೂ ಬಂದೆ; ಪದಕ ಯಾವುದೂ ಬರಲಿಲ್ಲ. ಕೋಚ್ ಈಗ ಮಕ್ಕಳನ್ನು ಬೂಟಿನ ಹಾಸಿನ ಮೇಲೆ ನಿಲ್ಲಿಸಿ ನೋಡುತ್ತಾರಂತೆ. ಎಲ್ಲಿ ಕಲಿತದ್ದೆಂದು ಯಾರೂ ಕೇಳಿಲ್ಲ.

ನಾನು ಅತ್ತಾವರದಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಗ ಫ್ಲೇವಿಬಾಯಿಯ ಹೃದಯ ಸೋಲತೊಡಗಿತು. ಹತ್ತಿರದ ಆಸ್ಪತ್ರೆಯಲ್ಲಿದ್ದರು. ತರಗತಿ ಮುಗಿಸಿ ಹೋದರೆ, ಉಸಿರು ಎಳೆಯುತ್ತಲೇ ನರ್ಸಿಗೆ ಹಾಸಿಗೆಯ ಚಾದರ ಎಳೆದು ಕಟ್ಟುವುದು ಹೇಗೆಂದು ಹೇಳಿಕೊಡುತ್ತಿದ್ದರು. ಕಾಲುಗಳು ಊದಿ ಹೊಳೆಯುತ್ತಿದ್ದವು. ಹೆದರಿಕೆ ಆಗ್ತದಾ ಎಂದು ಒಮ್ಮೆ ಕೇಳಿದೆ. "ಸಿಟ್ಟು ಬರ್ತದೆ," ಎಂದರು.

ಅವರು ತೀರಿಕೊಂಡ ಬೆಳಿಗ್ಗೆ ಮನೆಯಲ್ಲಿ ಹೆಂಗಸರು ಅವರಿಗೆ ಬಟ್ಟೆ ತೊಡಿಸುತ್ತಿದ್ದರು. ನನ್ನನ್ನೂ ಒಳಗೆ ಕರೆದರು. ಕ್ರೀಮ್ ಬಣ್ಣದ ಸೀರೆ, ಕೈಗೆ ಜಪಮಾಲೆ. ಫ್ಲೇವಿಬಾಯಿಯ ತಮ್ಮನ ಹೆಂಡತಿ ಲೀನಾ ಆಂಟಿ ಹಂಪನಕಟ್ಟೆಯ ಅಂಗಡಿಯಿಂದ ಹೊಸ ಕಪ್ಪು ಶೂ ತಂದಿದ್ದರು, ಮುಂದೆ ಚೂಪು. ಊದಿದ ಕಾಲಿಗೆ ಅದು ಹೋಗಲಿಲ್ಲ. ಯಾರೋ ಹಿಂಬದಿ ಕತ್ತರಿಸಿ ತೂರಿಸೋಣ, ಮೇಲಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ ಎಂದರು. ಇನ್ನೊಬ್ಬರು ಹಿಮ್ಮಡಿ ಹಿಡಿದು ಒತ್ತುತ್ತಿದ್ದರು.

"ಶೂ ಬೇಡ," ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ನಾನು ಆ ಮನೆಯವಳಲ್ಲ, ಆ ಧರ್ಮದವಳೂ ಅಲ್ಲ. "ಚರ್ಚಿಗೆ ಬರಿಗಾಲಲ್ಲಿ ಕರ್ಕೊಂಡು ಹೋಗುದಾ? ಜನ ಎಂತ ಹೇಳಿಯಾರು?" ಲೀನಾ ಆಂಟಿಯ ಕಣ್ಣಲ್ಲಿ ನೀರು ತುಂಬಿತ್ತು.

"ಜನ ಹೇಳ್ಲಿ ಆಂಟಿ. ಒತ್ಲಿಕ್ಕೆ ನಾನು ಬಿಡುದಿಲ್ಲ."

ಲೀನಾ ಆಂಟಿ ಆ ಶೂವನ್ನು ಎತ್ತಿ ಬದಿಗಿಟ್ಟರು. ನಂತರ ಕಪಾಟು ತೆರೆದು ಒಂದು ಜೊತೆ ತೆಳು ಬಿಳಿ ಕಾಲುಚೀಲ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ತೊಡಿಸಿ, ಬೆರಳುಗಳ ಬಳಿ ಬಟ್ಟೆಯನ್ನು ಎಳೆದು ಸಡಿಲ ಮಾಡಿದೆ. ಹಾಗೆಯೇ ಅವರನ್ನು ಜೆಪ್ಪುವಿನ ರಸ್ತೆಯಲ್ಲಿ ಹೊತ್ತುಕೊಂಡು ಹೋದರು.