ಮಾಯಮ್ಮನ ಅರ್ಧ ಲೋಟ

ಮಗು ಅವರ ಕೈಯಿಂದ ಜಾರಿಬಿಟ್ಟರೆ? ಕುಕ್ಕರಿನ ವಿಷಲ್ ಎಣಿಸುವಾಗಲೂ ಅದೇ ಯೋಚನೆ, ಬಟ್ಟೆ ಒಣಹಾಕುವಾಗಲೂ ಅದೇ. ನನ್ನ ಗಂಡ ಜಯಪ್ರಕಾಶ್ ಮಳವಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಸಂಜೆ ಕುಡಿದು ಬರುತ್ತಿದ್ದರು. ಬೆಳಿಗ್ಗೆ ಕೈ ನಡುಗುತ್ತಿತ್ತು. ಆ ಕೈಯಲ್ಲೇ ನಾಲ್ಕು ತಿಂಗಳ ಗಗನಳನ್ನು ಎತ್ತಿಕೊಳ್ಳಲು ಬಂದರೆ ನಾನು ಹಾಲಿನ ನೆಪವೋ ನಿದ್ದೆಯ ನೆಪವೋ ಹೇಳಿ ಮಗುವನ್ನು ಈಚೆಗೆ ಎಳೆದುಕೊಳ್ಳುತ್ತಿದ್ದೆ. ಅವರಿಗೂ ಗೊತ್ತಾಗಿ, ಕೇಳುವುದನ್ನೇ ಬಿಟ್ಟರು. ಅದು ಇನ್ನೂ ಕಷ್ಟವಾಯಿತು.

ಮೈಸೂರಿನಿಂದ ಅಣ್ಣ ಶಿವರಾಜು ಒಂದು ನಂಬರು ಕಳಿಸಿದ. ಕುಡಿತ ಬಿಡಿಸುವ ಯಾವುದೋ ಕೇಂದ್ರದ್ದು. "ಭಾವನಿಗೆ ಹೇಳ್ಬೇಡ. ಬೆಳಿಗ್ಗೆ ವ್ಯಾನ್ ಬರುತ್ತೆ, ನಾಲ್ಕು ಜನ ಇಳಿದು ಎತ್ಕೊಂಡು ಹೋಗ್ತಾರೆ. ನೀನು ಬಾಗಿಲು ತೆಗೆದ್ರೆ ಸಾಕು." ಹದಿನೈದು ದಿನ ಆ ನಂಬರನ್ನು ನೋಡುವುದು, ಫೋನು ಕೆಳಗಿಡುವುದು, ಇಷ್ಟೇ ಆಯಿತು.

ಮಂಡ್ಯದ ಗುತ್ತಲಿನ ನಮ್ಮ ಬೀದಿಯಲ್ಲಿ ಎದುರುಮನೆ ಮಾಯಮ್ಮನವರದು. ತವರು ಕೆರಗೋಡು, ವಯಸ್ಸು ಅರವತ್ತರ ಹತ್ತಿರ. ವಾರದಲ್ಲಿ ಆರು ದಿನ ಬಸ್ಸು ಹತ್ತಿ, ಮದ್ದೂರಿನಲ್ಲಿ ಇಂಥದ್ದೇ ಒಂದು ಕೇಂದ್ರಕ್ಕೆ ಅಡುಗೆಗೆ ಹೋಗುತ್ತಾರೆ. ಭಾನುವಾರ ರಜ; ಅವತ್ತು ಬೀದಿಯ ಎಳೆಗೂಸುಗಳಿಗೆ ಎಣ್ಣೆನೀರು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು, ಪ್ರತಿಯೊಂದನ್ನೂ ಅದಕ್ಕೆ ಮೊದಲೇ ಹೇಳುತ್ತಾರೆ.

"ಈಗ ಬೆನ್ಗೆ ಉಯ್ತೀನಿ ಕಣವ್ವ. ಬಿಸಿ ಅದೆ. ಈಗ ತಲೆಗೆ. ಕಣ್ಮುಚ್ಕೋ ನನ್ ಕಂದ."

"ಅದಕ್ಕೇನು ತಿಳಿಯುತ್ತೆ ಮಾಯಮ್ಮ?" ಎಂದು ನಾನು ನಕ್ಕಿದ್ದೆ.

"ಮಾತು ತಿಳೀದೆ ಇರ್ಬೋದು. ಏಳ್ದೆ ಉಯ್ದ್ರೆ ಬೆಚ್ತದಲ್ಲ, ಅದು ತಿಳೀತದೆ. ನಿಂಗೂ ಇಂದ್ಗಡೆಯಿಂದ ಒಂದು ಚೊಂಬು ಉಯ್ಲಾ? ನೋಡಾನ."

ಒಂದು ಭಾನುವಾರ ತಡೆಯಲಾರದೆ ವ್ಯಾನಿನ ವಿಷಯ ಹೇಳಿಬಿಟ್ಟೆ. ಅವರು ಮಗುವಿನ ಕತ್ತಿನ ಮಡಿಕೆ ತೊಳೆಯುತ್ತಿದ್ದರು. ಕೈ ನಿಲ್ಲಲಿಲ್ಲ. ತೀರಿಕೊಂಡು ಒಂಬತ್ತು ವರ್ಷವಾದ ಗಂಡ ಕೆಂಪರಾಜುವಿನ ಮಾತು ತೆಗೆದರು.

"ನಮ್ಮೆಜಮಾನ್ರುನೂ ಇಂಗೇ ಎತ್ಕೊಂಡೋದ್ರು ಕಣವ್ವ. ಬಾಗ್ಲು ತೆಗ್ದೋಳು ನಾನೇ. ತಿಂಗ್ಳಾದ್ಮೇಲೆ ಬಂದು ಒಂದೇ ಮಾತು ಏಳಿದ್ದು. ಕೈ ನಡುಗಿ ಕಾಪಿ ಚೆಲ್ಲಿದ್ಕೆ ಎಲ್ರೂ ನಕ್ಬುಟ್ರು ಕಣೇ ಅಂತ. ಆಮೇಕೆ ಯಾವಾಸ್ಪತ್ರೆ ಮೆಟ್ಲೂ ಅತ್ನಿಲ್ಲ. ಬಾಗ್ಲು ಸದ್ದಾದ್ರೆ ನನ್ ಮೊಕ ನೋಡೋರು."

ಮದ್ದೂರಿನಲ್ಲಿ ಇವರು ಕೆಲಸಕ್ಕೆ ಸೇರಿದ ಮೊದಲ ವಾರ, ಹೊಸದಾಗಿ ದಾಖಲಾದವರು ಕಾಫಿ ಬೇಡ ಎನ್ನುತ್ತಿದ್ದರಂತೆ. ಆಹಾರ ನಿರಾಕರಿಸಿದರು ಎಂದು ನರ್ಸು ಬರೆದುಕೊಳ್ಳುತ್ತಿದ್ದರು. ಮಾಯಮ್ಮನಿಗೆ ಗಂಡನ ಮಾತು ನೆನಪಾಯಿತು. ಮರುದಿನದಿಂದ ಲೋಟ ತುಂಬಿಸುವುದನ್ನೇ ನಿಲ್ಲಿಸಿದರು. ಹೊಸಬರಿಗೆ ಮಾತ್ರ ಅರ್ಧ ಕೊಟ್ಟರೆ ಅದೇ ಒಂದು ಗುರುತಾಗುತ್ತದಲ್ಲ. ಹಾಗಾಗಿ ಹಳಬರಿಗೂ ಅರ್ಧ, ಡಾಕ್ಟರಿಗೂ ಅರ್ಧ. ಕುಡಿದು ಮುಗಿದಮೇಲೆ ಇನ್ನೊಂದು ಸುತ್ತು.

ಅಲ್ಲಿ ದಾಖಲಾಗಿದ್ದ ಸೋಮನಹಳ್ಳಿಯ ಕಾರ್ಖಾನೆ ಕೆಲಸಗಾರ ಪುಟ್ಟಸ್ವಾಮಿ ರೇಗಿಸಿದನಂತೆ. "ಏನವ್ವ, ಅರ್ಧಕ್ಕೇ ನಿಲ್ಸ್ಬುಟ್ಟೆ? ಆಲು ಕೊಡೋ ಅಸ ಬತ್ತೋಯ್ತಾ?"

"ತುಂಬಾ ಕೊಟ್ರೆ ನಿನ್ ಮೀಸೆನೇ ಅರ್ಧ ಕುಡೀತದೆ ಕಣ್ಲಾ. ಕುಡಿ, ತಿರ್ಗಾ ಬತ್ತೀನಿ."

ಎಲ್ಲರೂ ಮೀಸೆಗೆ ನಕ್ಕರು. ಪಕ್ಕದ ಮಂಚದಲ್ಲಿ ಹೊಸಬನೊಬ್ಬ ಎರಡು ಕೈಯಲ್ಲಿ ಲೋಟ ಹಿಡಿದು ಕುಡಿದದ್ದನ್ನು ಯಾರೂ ನೋಡಲಿಲ್ಲ, ಮಾಯಮ್ಮನೊಬ್ಬರನ್ನು ಬಿಟ್ಟು.

ಡಾಕ್ಟರ್ ಶಾಲಿನಿ ಕಾರಣ ಕೇಳಿ ತಿಳಿದುಕೊಂಡರು. ಸೋಮವಾರದ ಮೀಟಿಂಗಿಗೆ ಅಡುಗೆಯವರನ್ನೂ ಕರೆದರು. ಅಲ್ಲಿ ಮಾಯಮ್ಮ ಹೇಳಿದ್ದು ಕೂಸಿನ ಎಣ್ಣೆನೀರಿನ ವಿಷಯ: ಕೂಸಿಗೇ ಹೇಳಿ ನೀರು ಹುಯ್ಯುವಾಗ, ಇವರೇನು ಕೂಸಿಗಿಂತ ಕಡೆಯಾ? ಈಗ ಅಲ್ಲಿ ಹೊಸಬರಿಗೆ ಮೊದಲು ಹಾಸಿಗೆ, ಬಚ್ಚಲು ತೋರಿಸುತ್ತಾರೆ. ಮೊದಲ ಮೂರು ದಿನ ಮೈ ಹೇಗಿರುತ್ತದೆ, ಯಾವ ಮಾತ್ರೆ ಯಾಕೆ, ಮನೆಗೆ ಎಷ್ಟು ಹೊತ್ತಿಗೆ ಫೋನು ಮಾಡಬಹುದು, ಎಲ್ಲ ಮುಂಚೆಯೇ ಹೇಳುತ್ತಾರೆ. ವ್ಯಾನು ಕಳಿಸುವುದಿಲ್ಲ. ಬರಬೇಕಾದವರ ಜೊತೆಯೇ ಮೊದಲು ಮಾತು.

"ಎಲ್ಲರೂ ಬಿಟ್ಟುಬಿಡ್ತಾರಾ?" ಎಂದೆ.

"ಎಲ್ಲಿ! ತಿರ್ಗಾ ಕುಡಿಯೋರೂ ಅವ್ರೆ. ಆದ್ರೆ ಅಂತೋರೂ ತಾವೇ ನಡ್ಕಂಡ್ ಬತ್ತಾರೆ. ಅಡ್ಗೆಮನೆ ತಾವ ನಿಂತ್ಕಂಡು, ಮಾಯಮ್ಮ, ಅರ್ಧ ಲೋಟ ಅಂತಾರೆ." ಹೇಳುತ್ತಾ ಗಗನಳನ್ನು ಟವೆಲಿನಲ್ಲಿ ಸುತ್ತಿ ನನ್ನ ಮಡಿಲಿಗಿಟ್ಟರು. ಸಂತೆಯಲ್ಲಿ ಒಳ್ಳೆ ಸೊಪ್ಪು ಸಿಕ್ಕಿದವರ ಹಾಗೆ ಮುಖ ಅರಳಿತ್ತು.

ಮಾರನೆಯ ಬೆಳಿಗ್ಗೆ ಗಂಡನಿಗೆ ಅರ್ಧ ಲೋಟ ಕಾಫಿ ಕೊಟ್ಟೆ. ನನಗೂ ಅರ್ಧ.

"ಹಾಲು ಕಮ್ಮಿಯಾಯ್ತಾ?"

"ಇಲ್ಲರೀ, ಇನ್ನೊಂದ್ಸಲ ತರ್ತೀನಿ."

ಪಂಚೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಎರಡನೆಯ ಸಲ ಕೊಟ್ಟು ಎದುರಿಗೆ ಕೂತೆ. ಹೇಳಿದೆ. "ಅಣ್ಣ ಒಂದು ನಂಬರು ಕೊಟ್ಟಿದ್ದ. ನಿಮಗೆ ತಿಳಿಸದೆ ಎತ್ಕೊಂಡು ಹೋಗೋರದ್ದು. ಅಳಿಸಿದೀನಿ. ಈಗ ಮದ್ದೂರಿಗೆ ಫೋನ್ ಮಾಡ್ತೀನಿ, ಮಾಯಮ್ಮ ಇರೋ ಕಡೆಗೆ. ಅವರು ನಿಮ್ಮನ್ನೇ ಕೇಳ್ತಾರೆ. ಬೇಡ ಅಂದ್ರೆ ಬೇಡ."

ಅವರು ಲೋಟ ಕೆಳಗಿಟ್ಟರು. ಚಾಪೆಯ ಮೇಲಿದ್ದ ಮಗುವಿನ ಕಡೆ ತಿರುಗಿದರು.

"ವಾಪಸ್ ಬಂದ್ಮೇಲೆ ಎತ್ಕೊಳಕ್ಕೆ ಕೊಡ್ತೀಯಾ?"

"ಈಗಲೇ ತಗೊಳ್ಳಿ. ಕೆಳಗೆ ಕೂತು ಕಾಲು ಚಾಚಿ."

ಚಾಚಿದ ಕಾಲುಗಳ ನಡುವಿನ ತಗ್ಗಿನಲ್ಲಿ ಗಗನಳನ್ನು ಮಲಗಿಸಿದೆ. ಜಾರಲು ಜಾಗವೇ ಇರಲಿಲ್ಲ. ಅವಳು ಅಪ್ಪನ ಬೆರಳು ಹಿಡಿದುಕೊಂಡಳು. ಬೆರಳು ನಡುಗಿದರೆ ಅವಳಿಗೆ ಅದೂ ಆಟ.

ಮಾಯಮ್ಮ ಕೊಟ್ಟಿದ್ದ ನಂಬರು ಒತ್ತಿದೆ. ಎರಡನೆಯ ರಿಂಗಿಗೇ ಒಂದು ಹೆಣ್ಣುಧ್ವನಿ. ನಾನು ವಿಷಯ ಹೇಳಿದೆ.

"ಅವರು ಪಕ್ಕದಲ್ಲಿದ್ದಾರಾಮ್ಮ? ಮಾತಾಡ್ತಾರಾ?"

ಸ್ಪೀಕರ್ ಹಾಕಿ ಫೋನನ್ನು ಚಾಪೆಯ ಮೇಲಿಟ್ಟೆ.

"ನಾನು ಜಯಪ್ರಕಾಶ್" ಎಂದರು. "ಮಂಡ್ಯ, ಗುತ್ತಲಿಂದ ಮಾತಾಡ್ತಿದೀನಿ."