ಅಕ್ಕ ಓದಿ ಹೇಳಿದ ಎಲೆಗಳು

ನನ್ನ ಅಕ್ಕನ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಬೈಲಹೊಂಗಲದ ಖಾನಾವಳಿಯೊಂದರಲ್ಲಿ ಅರ್ಧ ಆಯುಷ್ಯ ಜೋಳದ ರೊಟ್ಟಿ ಬಡಿದ ಕೈ ಅದು. ಚರ್ಮ ದಪ್ಪಗಾಗಿ, ಆಮೇಲೆ ಸವೆದು, ಹಳ್ಳದ ಕಲ್ಲಿನಂತೆ ನುಣ್ಣಗಾಗಿತ್ತು. ಅವಳನ್ನು ನೆನೆದರೆ ಆ ಕೈಯಲ್ಲಿ ವಿಡಿಯೊ ಗೇಮಿನ ರಿಮೋಟು ಹಿಡಿದು ಟಿ.ವಿ. ಮುಂದೆ ಕೂತದ್ದೇ ಮೊದಲು ಕಣ್ಣಿಗೆ ಬರುತ್ತದೆ. ಗುಂಡಿಗಳನ್ನು ಅವಳು ಒತ್ತುತ್ತಿರಲಿಲ್ಲ, ಬಡಿಯುತ್ತಿದ್ದಳು.

ಹೆಂಡತಿ ತೀರಿಕೊಂಡ ಮೇಲೆ ನಾನು ಹತ್ತಿ ಜಿನ್ನಿಂಗ್ ಗಿರಣಿಯ ಕೆಲಸ ಬಿಟ್ಟು, ಅಕ್ಕನ ಮನೆಯ ಹೊರಗಿನ ಕೋಣೆಗೆ ಬಂದು ಬಿದ್ದೆ. ಅವಳೂ ಗಂಡನನ್ನು ಕಳೆದುಕೊಂಡವಳು. ಅವಳ ಮಗಳು ಕಿತ್ತೂರಿನಲ್ಲಿ ನರ್ಸು. ಆ ಮಗಳ ಮಕ್ಕಳು ಮೊಬೈಲಿಗೆ ಅಂಟಿಕೊಂಡ ಮೇಲೆ ಹಳೆಯ ಗೇಮಿನ ಪೆಟ್ಟಿಗೆ ಮೂಲೆ ಸೇರಿತ್ತು. ಒಂದು ಭಾನುವಾರ ಮಗಳು ಅದನ್ನು ತಂದು ನಮ್ಮ ಟಿ.ವಿ.ಗೆ ಜೋಡಿಸಿದಳು. "ಇಬ್ಬರೂ ಗ್ವಾಡಿ ನೋಡ್ಕೊಂತ ಕುಂಡರತೀರಿ. ಇದನ್ನರ ಆಡ್ರಿ," ಎಂದಳು.

ನೆಲದಡಿಯ ಕತ್ತಲೆಯ ಕೋಣೆಗಳ ಆಟ ಅದು. ಕೈಯಲ್ಲಿ ಬಂದೂಕು ಹಿಡಿದ ಎರಡು ಗೊಂಬೆಗಳು, ಒಂದು ಅಕ್ಕನದು, ಒಂದು ನನ್ನದು. ಬಾಗಿಲು ತೆರೆದರೆ ಒಳಗೆ ದೆವ್ವಗಳು. ಬೂಂದಿ ಕಾಳಿನಂಥ ಗುಂಡುಗಳು ಎಲ್ಲ ಕಡೆಯಿಂದ ಹಾರಿ ಬರುತ್ತಿದ್ದವು. ಒಂದು ಕೋಣೆ ಗೆದ್ದರೆ ಇನ್ನೊಂದು, ಒಂದು ಅಂತಸ್ತು ಮುಗಿದರೆ ಅದರ ಕೆಳಗೆ ಮತ್ತೊಂದು. ಪರದೆಯ ಮೇಲಿನ ಮೂಲೆಯಲ್ಲಿ ಇಬ್ಬರ ಜೀವವನ್ನೂ ಕೆಂಪು ಹೃದಯಗಳಾಗಿ ಸಾಲಿಟ್ಟಿದ್ದರು. ಅಕ್ಕ ಅವನ್ನು ನೋಡಿದವಳೇ, "ವೀಳ್ಯದೆಲಿ ಇದ್ದಂಗ ಅದಾವಲ್ಲ," ಎಂದಳು. ಅಂದಿನಿಂದ ನಮ್ಮಿಬ್ಬರಿಗೂ ಅವು ಎಲೆಗಳೇ ಆದವು. ಶುರುವಿಗೆ ಒಬ್ಬೊಬ್ಬರಿಗೆ ಮೂರು. ಒಂದು ಗುಂಡು ತಾಗಿದರೆ ಅರ್ಧ ಎಲೆ ಹೋಗುತ್ತಿತ್ತು. ಒಮ್ಮೊಮ್ಮೆ ಗುರಾಣಿ ಸಿಗುತ್ತಿತ್ತು, ಅಕ್ಕ ಅದಕ್ಕೆ ಮುಚ್ಚಳ ಎನ್ನುತ್ತಿದ್ದಳು. ಅದಿದ್ದರೆ ಮೊದಲ ಪೆಟ್ಟು ಅದೇ ತಿನ್ನುತ್ತಿತ್ತು, ಎಲೆ ಉಳಿಯುತ್ತಿತ್ತು.

"ಒಂದ ಕಡೆ ಸುಮ್ಮನ ನಿಂತ್ರ ಎಲಿ ತಿರುಗಿ ಚಿಗರಂಗಿಲ್ಲೇನು?" ಎಂದು ನಾನು ಕೇಳಿದ್ದೆ.

"ಇಲ್ಲರಿ ಮಾವಾ. ಹೋದದ್ದು ಹೋತು. ಕ್ವಾಣಿ ಗೆದ್ದಾಗ ಒಮ್ಮೊಮ್ಮೆ ನೆಲದ ಮ್ಯಾಲ ಒಂದ ಎಲಿ ಬೀಳತೈತಿ. ಯಾರು ತೊಗೋತಾರೋ ಅವರಿಗೆ," ಎಂದಳು ಮಗಳು. ಇಬ್ಬರೂ ಸತ್ತರೆ ಮತ್ತೆ ಮೇಲಿನ ಮೊದಲ ಕೋಣೆಯಿಂದ, ತುಂಬಿದ ಎಲೆಗಳೊಂದಿಗೆ ಶುರು. ಅಕ್ಕನಿಗೆ ಬಹಳ ಹಿಡಿಸಿದ್ದು ಅದೇ. "ಸತ್ತವರಿಗೆ ಮತ್ತ ಪೂರಾ ಎಲಿ ಕೊಡತಾನ ನೋಡು, ಯಾವ ಪುಣ್ಯಾತ್ಮ ಮಾಡ್ಯಾನೋ!" ಎಂದು ನಕ್ಕಿದ್ದಳು.

ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗೊಂಬೆ, ಗುಂಡು ಮಸುಕಾಗಿಯಾದರೂ ಕಾಣುತ್ತಿದ್ದವು. ಮೂಲೆಯ ಸಣ್ಣ ಎಲೆಗಳು ಕೆಂಪು ಕಲೆಯಾಗಿ ಕೂಡಿಹೋಗುತ್ತಿದ್ದವು. ಅದಕ್ಕೇ ಅವನ್ನು ಓದಿ ಹೇಳುವುದು ಅಕ್ಕನ ಕೆಲಸ. "ನಿಂದು ಒಂದೂವರಿ, ನಂದು ಮೂರು. ಅಲ್ಲಿ ಬಿದ್ದೈತಿ ನೋಡು, ಲಗೂನ ತೊಗೊ." ನಾನು ತೆಗೆದುಕೊಳ್ಳುತ್ತಿದ್ದೆ. ಆದರೂ ಪ್ರತಿ ಸಲ ಮೊದಲು ಸಾಯುವವಳು ಅವಳೇ. ಆಮೇಲೆ ರಿಮೋಟು ತೊಡೆಯ ಮೇಲಿಟ್ಟು ನನ್ನ ಆಟ ನೋಡುತ್ತ ಕೂರುತ್ತಿದ್ದಳು.

"ಯಕ್ಕಾ, ರೊಟ್ಟಿ ಬಡದಂಗ ಬಡದ್ರ ಹಿಂಗ ಆಕ್ಕತಿ," ಎಂದು ಚೇಷ್ಟೆ ಮಾಡುತ್ತಿದ್ದೆ.

"ಹೌದೋ ಶಾಣ್ಯಾ. ಆ ರೊಟ್ಟಿ ತಿಂದ ಬೆಳದಿ ನೀ," ಎನ್ನುತ್ತಿದ್ದಳು.

ಮಾತು ಸುಳ್ಳಲ್ಲ. ನಾವು ಹೂಲಿ ಹಳ್ಳಿಯವರು. ನಾನು ಸವದತ್ತಿಯ ಹೈಸ್ಕೂಲಿಗೆ ಹೋಗುವ ವರ್ಷ, ಮನೆಯಲ್ಲಿ ಇಬ್ಬರನ್ನು ಓದಿಸುವ ತ್ರಾಣ ಇಲ್ಲದಾಗ, "ನನಗ ಸಾಲಿ ತಲಿಗೆ ಹತ್ತಂಗಿಲ್ಲ" ಎಂದು ಅವಳು ಪಾಟಿಚೀಲ ಕೆಳಗಿಟ್ಟು ರೊಟ್ಟಿ ಬಡಿಯಲು ಕೂತಿದ್ದಳು. ನಾನು ಅದನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಅಕ್ಕನಿಗೆ ಏದುಸಿರು ಆಗಲೇ ಶುರುವಾಗಿತ್ತು. ಮಗಳು ರಜೆ ಹಾಕಿ, ಬೆಳಗಾವಿಗೆ ಕರೆದೊಯ್ದು ತೋರಿಸುತ್ತೇನೆ ಎಂದು ಬಂದಳು. "ನಂದೇನ ಅವಸರ ಇಲ್ಲ. ಮೊದಲ ಅವನ ಕಣ್ಣ ಮಾಡಿಸು, ನೀರಿನ ಕೊಡ ಎಡವಿ ಬೀಳಾಕ ಹತ್ಯಾನ," ಎಂದು ಅಕ್ಕ ಹಟ ಹಿಡಿದಳು. ಮಗಳ ರಜೆ ನನ್ನ ಕಣ್ಣಿಗೇ ಮುಗಿಯಿತು.

ಕಣ್ಣಿಗೆ ಬೆಳಕು ಬಂದ ಮೇಲೆ ಮತ್ತೆ ಆಟಕ್ಕೆ ಕೂತೆವು. ಈಗ ಎಲೆಗಳು ಕಾಣುತ್ತವೆ ಎಂಬುದನ್ನು ನಾನು ಬೇಕೆಂದು ಮುಚ್ಚಿಟ್ಟಿರಲಿಲ್ಲ. ಮೂಲೆಯನ್ನು ಅವಳೇ ಓದುವುದು ರೂಢಿಯಾಗಿತ್ತು, ನಾನು ಅತ್ತ ನೋಡುತ್ತಿರಲಿಲ್ಲ. ಆ ದಿನ ಎಂದೂ ಇಳಿಯದಷ್ಟು ಕೆಳಗೆ ಇಳಿದಿದ್ದೆವು. ಕೋಣೆ ಗೆದ್ದೆವು, ನೆಲದ ಮೇಲೆ ಒಂದು ಎಲೆ ಬಿತ್ತು.

"ನಿಂದು ಎರಡ ಅದಾವ. ನಂದು ಮೂರೂ ಹಂಗ ಅದಾವ. ನೀ ತೊಗೊ," ಎಂದಳು ಅಕ್ಕ.

ನಾನು ಮೂಲೆಯತ್ತ ಕಣ್ಣು ಹಾಯಿಸಿದೆ. ನನ್ನವು ಎರಡು, ಸರಿ. ಅವಳ ಸಾಲಿನಲ್ಲಿ ಅರ್ಧ ಎಲೆ ಮಾತ್ರ ಮಿಣಮಿಣ ಎನ್ನುತ್ತಿತ್ತು. ಅವಳ ಮುಖ ನೋಡಿದೆ. ರೊಟ್ಟಿ ಉಬ್ಬುವುದನ್ನು ಕಾಯುವಂತೆ ಪರದೆಯನ್ನೇ ನೋಡುತ್ತಿದ್ದಳು. ಅವಳು ಯಾಕೆ ಮೊದಲು ಸಾಯುತ್ತಿದ್ದಳು ಎಂಬುದು ನನಗೆ ಆ ಕ್ಷಣ ತಿಳಿಯಿತು. "ಯಕ್ಕಾ, ಸುಳ್ಳ್ಯಾಕ ಹೇಳತಿ?" ಎಂದರೆ ಸಾಕಿತ್ತು. ಇನ್ನೂ ಕೆಳಗೆ ಏನಿದೆಯೋ ನೋಡಬೇಕು ಎಂಬ ಆಸೆ ನನಗೆ.

ಎಲೆಯನ್ನು ನಾನೇ ತೆಗೆದುಕೊಂಡೆ. ಆಮೇಲೂ ದಿನಾ ತೆಗೆದುಕೊಂಡೆ.

ಆಟವಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಕ್ಕನ ಕಾಲುಗಳು ಬಾತುಕೊಳ್ಳತೊಡಗಿದವು. ಹಿಟ್ಟು ನಾದುವಾಗ ನಡುನಡುವೆ ಕೈ ಊರಿ ಕೂರುತ್ತಿದ್ದಳು. ಮಗಳು ಫೋನು ಮಾಡಿದರೆ, "ಆರಾಮ ಅದೀನವಾ, ನನಗೇನ ಧಾಡಿ?" ಎನ್ನುತ್ತಿದ್ದಳು. ಮಗಳಿಗೆ ಅನುಮಾನ. ಒಂದು ಸಲ ಫೋನು ನನಗೆ ಕೊಡಿಸಿ ಕೇಳಿದಳು: "ಮಾವಾ, ನೀವ ಖರೆ ಹೇಳ್ರಿ. ಅವ್ವ ಹೆಂಗ ಅದಾಳ? ಇಲ್ಲಿಗೆ ಕರ್ಕೊಂಡ ಬರಲೇನು?"

ಅಕ್ಕ ಒಲೆಯ ಮುಂದಿನಿಂದ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಳು. ಅವಳು ತನ್ನ ವಿಷಯದಲ್ಲಿ ಎಂಥ ಸುಳ್ಳು ಹೇಳುತ್ತಾಳೆ ಎಂದು ಈ ಲೋಕದಲ್ಲಿ ಕಣ್ಣಾರೆ ಕಂಡವನು ನಾನೊಬ್ಬನೇ. ಅವಳು ಕಿತ್ತೂರಿಗೆ ಹೋದರೆ ನನಗೆ ರೊಟ್ಟಿ ಹಾಕುವವರು ಯಾರು, ಸಂಜೆ ನನ್ನ ಪಕ್ಕ ಕೂರುವವರು ಯಾರು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

"ಆರಾಮ ಅದಾಳವಾ," ಎಂದೆ.

ಆ ತಿಂಗಳು ದಾಟಲಿಲ್ಲ. ಒಂದು ಮುಂಜಾನೆ ಅರ್ಧ ಬಡಿದ ರೊಟ್ಟಿಯ ಮೇಲೆ ಕೈಯಿಟ್ಟವಳು ಹಾಗೆಯೇ ಪಕ್ಕಕ್ಕೆ ವಾಲಿದಳು. ಬೆಳಗಾವಿಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಹೃದಯ ಬಹಳ ದಿನದಿಂದ ಸೋತಿರಬೇಕು, ಮೊದಲೇ ತರಬೇಕಿತ್ತು ಎಂದರು ಡಾಕ್ಟರು.

ಮಣ್ಣು ಮಾಡಿ ಬಂದ ಮೇಲೆ ಮಗಳು ನನ್ನ ಮುಂದೆ ಕೂತು ಕೇಳಿದಳು: "ಕಾಲ ಅಷ್ಟ ಬಾತಿದ್ವು. ನಿಮಗ ಗೊತ್ತಾಗಲಿಲ್ಲೇನ್ರಿ ಮಾವಾ?"

"ಇಲ್ಲವಾ. ಹೇಳಿದ್ರ ಅಲ್ಲ ಆಕಿ?" ಎಂದೆ.

ಅವಳು ನನ್ನನ್ನೇ ತಬ್ಬಿಕೊಂಡು ಅತ್ತಳು. ಆ ಅಳುವಿನ ಭಾರ ಇನ್ನೂ ನನ್ನ ಹೆಗಲ ಮೇಲಿದೆ. ಗೊತ್ತಿತ್ತು ಮಗಳೇ. ಬಾಯಿಬಿಟ್ಟು ಹೇಳಲಾರದೆ ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ನೀನು ನನಗೆ ಫೋನು ಮಾಡದಿದ್ದರೂ ಅದು ನ್ಯಾಯವೇ.

ಗೇಮಿನ ಪೆಟ್ಟಿಗೆ ಇಲ್ಲೇ ಇದೆ. ಸಂಜೆ ಎರಡೂ ರಿಮೋಟು ಜೋಡಿಸಿ ಹಚ್ಚುತ್ತೇನೆ. ಮೊದಲ ಕೋಣೆಯಲ್ಲಿ ದೆವ್ವಗಳಿಲ್ಲ, ಗುಂಡು ಹಾರುವುದಿಲ್ಲ. ಅಕ್ಕನ ಗೊಂಬೆ ಅಲ್ಲಿ ನಿಂತಿರುತ್ತದೆ. ನನ್ನದನ್ನು ಅದರ ಪಕ್ಕ ತಂದು ನಿಲ್ಲಿಸಿ ರಿಮೋಟು ಕೆಳಗಿಡುತ್ತೇನೆ. ಈಗ ಮೂಲೆ ಓದುವವನು ನಾನು.

"ಯಕ್ಕಾ, ನಿಂದು ಮೂರು, ನಂದು ಮೂರು."

ಬಾಗಿಲು ತೆರೆಯದೆ ನಿಂತಿರುವಷ್ಟು ಹೊತ್ತು ಅದು ಸುಳ್ಳಲ್ಲ.