ಮೂರನೇ ತಿರುವಿನ ಚಪ್ಪಾಳೆ

ನಾನು ಪುಕ್ಕಲ, ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಭಯಗಳೆಲ್ಲ ಕಣ್ಣಿಗೆ ಕಾಣುವಂಥವು: ಗ್ಯಾಸ್ ಸಿಲಿಂಡರು, ಬೀದಿನಾಯಿ, ಬಸ್ಸಿನ ಫುಟ್‌ಬೋರ್ಡು, ಮಳೆಗಾಲದ ಕರೆಂಟು ಕಂಬ. ದೆವ್ವ, ಗಾಳಿ ಇವಕ್ಕೆ ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ಕಾಫಿ ಮುಗಿಸಿ ಎದ್ದು ಹೋಗುತ್ತಿದ್ದೆ. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಾವು ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದೆವು. ಮೊಬೈಲು ಇನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ನಾನು ಶಿವಾಜಿನಗರದ ಒಂದು ಆಫೀಸಿನಲ್ಲಿ ಗುಮಾಸ್ತ. ಹೆಂಡತಿ ವಿಮಲಾಗೆ ಸಕ್ಕರೆ ಕಾಯಿಲೆ ಶುರುವಾಗಿ, ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಮನೆಯಿಂದ ಹತ್ತು ನಿಮಿಷದ ದೂರದಲ್ಲಿ, ಕೆ.ಆರ್. ಪುರದ ಕಡೆಗೆ, ಒಂದು ಕಾಡು ಪಾರ್ಕಿತ್ತು. ಹಳೇ ನೀಲಗಿರಿ ತೋಪಿಗೆ ಬೇಲಿ ಹಾಕಿ, ಒಳಗೊಂದು ಮಣ್ಣಿನ ದಾರಿ ಮಾಡಿ, ಗೇಟಿಗೊಬ್ಬ ವಾಚ್‌ಮನ್ ಕೂರಿಸಿ, ಪಾರ್ಕು ಎಂದು ಬೋರ್ಡು ಬರೆಸಿದ್ದರು. ಬೆಳಗ್ಗೆ ನಮ್ಮಂಥ ವಾಕಿಂಗಿನವರು, ಮಧ್ಯಾಹ್ನ ಜೋಡಿಗಳು ಮತ್ತು ಇಸ್ಪೀಟಿನವರು, ಅವರು ಎದ್ದ ಮೇಲೆ ಒಲೆಗೆ ಪುಳ್ಳೆ ಆರಿಸುವ ಹೆಂಗಸರು. ಒಬ್ಬರ ಹೊತ್ತಿನಲ್ಲಿ ಇನ್ನೊಬ್ಬರು ಬರುತ್ತಿರಲಿಲ್ಲ. ಬಂದರೆ ಇಬ್ಬರಿಗೂ ಗಾಬರಿ.

ದಾರಿಯ ಎರಡೂ ಕಡೆ ಆಳೆತ್ತರದ ಪೊದೆ. ತಿರುವಿನಾಚೆ ಯಾರಿದ್ದರೂ ಕಾಣದು. ಒಮ್ಮೆ ಕಳ್ಳನೊಬ್ಬ ಹೆಂಗಸೊಬ್ಬರ ಸರ ಕಿತ್ತುಕೊಂಡು ಓಡಿದ ಮೇಲೆ, ವಾಕಿಂಗಿಗೆ ಬರುತ್ತಿದ್ದ ಮುನಿಯಪ್ಪನವರು ಒಂದು ಪದ್ಧತಿ ತಂದರು. ಅವರು ಅಲ್ಲಿಯ ಹಳೇ ಊರಿನವರು, ಚಿಕ್ಕಂದಿನಲ್ಲಿ ಆ ಜಾಗದಲ್ಲೇ ದನ ಮೇಯಿಸಿದವರು. ತಿರುವಿಗೆ ಬಂದವರು ಒಂದು ಚಪ್ಪಾಳೆ ತಟ್ಟಬೇಕು. ಆಚೆ ಇರುವವರು ಎರಡು ತಟ್ಟಿ ಉತ್ತರ ಕೊಡಬೇಕು. "ದನ ಕಾಯೋವಾಗ್ಲೂ ನಾವು ಹಿಂಗೇ ಕಣ್ರೀ ಮಾಡ್ತಿದ್ದಿದ್ದು. ಎರಡು ಕೇಳಿದ್ರೆ ನಮ್ಮೋರು, ಇಲ್ದಿದ್ರೆ ವಾಪಸ್ ತಿರುಗೋದು," ಎಂದಿದ್ದರು.

ಈ ಪದ್ಧತಿ ನನಗಾಗಿಯೇ ಹುಟ್ಟಿದಂತಿತ್ತು. ತಿರುವಿಲ್ಲದ ಕಡೆಯೂ ತಟ್ಟುತ್ತಿದ್ದೆ. ವಿಮಲಾ ಮಾತ್ರ ಒಂದು ದಿನವೂ ತಟ್ಟಲಿಲ್ಲ. "ನಾನೇನು ಭಜನೆಗೆ ಬಂದಿದೀನಾ?" ಎನ್ನುವಳು. ಚಳಿಗಾಲದ ಒಂದು ಬೆಳಗ್ಗೆ ಇದೇ ಮಾತಿಗೆ ಜಗಳವಾಯಿತು. ನೀನೂ ತಟ್ಟು ಎಂದು ನಾನು ಪೀಡಿಸಿದೆ. "ನಿಮ್ಮ ಚಪ್ಪಾಳೆಗೆ ಕೋಗಿಲೆಗಳೇ ಊರು ಬಿಟ್ಟಿವೆ. ನಾಳೆಯಿಂದ ನಾನೊಬ್ಳೇ ಬರ್ತೀನಿ," ಎಂದಳು.

ನಾಳೆಯವರೆಗೂ ಕಾಯಲಿಲ್ಲ. ಸಂಜೆ ನಾನು ಆಫೀಸಿನಿಂದ ಬಂದಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಕೀ ಕೊಡುತ್ತಾ, "ಪಾರ್ಕಿಗೆ ಹೋಗ್ತೀನಿ ಅಂದ್ರು ಅಂಕಲ್, ಐದು ಗಂಟೆಗೇ ಹೋದ್ರಲ್ಲಾ," ಎಂದಳು. ಗಂಟೆ ಆರೂವರೆ ಆಗಿತ್ತು.

ಓಡಿದೆ. ವಾಚ್‌ಮನ್ ಶರಣಪ್ಪ ಗೇಟಿಗೆ ಸರಪಳಿ ಸುತ್ತುತ್ತಿದ್ದ. ರಾಯಚೂರು ಕಡೆಯವನು. "ಎಲ್ಲಾರೂ ಹೋಗ್ಯಾರ್ರಿ ಸರ. ಸೀಟಿ ಹೊಡ್ದು ಅರ್ಧಾ ತಾಸಾತು."

"ನಮ್ಮನೆಯವರು?"

"ಅಕ್ಕಾರು ಒಳಗ ಹೋಗಿದ್ದು ನೋಡೀನ್ರಿ. ಹೊರಗ ಬಂದಿದ್ದು..." ಅವನು ತಲೆ ಕೆರೆದುಕೊಂಡ. "ನಡುವ ಚಾ ಕುಡ್ಯಾಕ ಹೋಗಿದ್ದೆರೀ."

ಅವನು ಟಾರ್ಚು, ಲಾಠಿ ಹಿಡಿದು ಬೇಲಿಗುಂಟ ಹೊರಟ. ನಾನು ದಾರಿ ಹಿಡಿದೆ. ಇನ್ನೂ ಮಸುಕು ಬೆಳಕಿತ್ತು. ಮೊದಲ ತಿರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದೆ. ಉತ್ತರವಿಲ್ಲ. ಎರಡನೇ ತಿರುವಿನಲ್ಲೂ ಇಲ್ಲ. ಮೂರನೇ ತಿರುವಿನಲ್ಲಿ ತಟ್ಟಿದೆ. ಎರಡು ಚಪ್ಪಾಳೆ ಕೇಳಿಸಿತು. ಸ್ಪಷ್ಟವಾಗಿ, ಅಂಗೈಗೆ ಅಂಗೈ ಬಡಿದ ಸದ್ದು.

ಹೇಳಲು ನಾಚಿಕೆಯಾಗುತ್ತದೆ: ಆ ಕ್ಷಣ ನನಗಾದದ್ದು ಸಮಾಧಾನವಲ್ಲ, ಗೆದ್ದ ಖುಷಿ. ಕೊನೆಗೂ ತಟ್ಟಿದಳಲ್ಲ!

"ವಿಮಲಾ!" ಎಂದು ಕೂಗಿದೆ. ಮಾತಿಲ್ಲ. ಮತ್ತೆ ತಟ್ಟಿದೆ. ಮತ್ತೆ ಎರಡು, ಎಡಗಡೆ ಪೊದೆಗಳೊಳಗಿಂದ. ದಾರಿ ಬಿಟ್ಟು ನುಗ್ಗಿದೆ. ಮುಳ್ಳಿಗೆ ಅಂಗಿ ಹರಿಯಿತು. ನಾನು ಒಂದು ತಟ್ಟುವುದು, ಅದು ಸ್ವಲ್ಪ ಮುಂದಿನಿಂದ ಎರಡು ತಟ್ಟುವುದು, ಹೀಗೆ ನಾಲ್ಕು ಸಲ. ಐದನೇ ಸಲ ಉತ್ತರ ಬರಲಿಲ್ಲ. ನಿಂತೆ. ಕಾಲ ಬಳಿಯೇ ನರಳಿಕೆ ಕೇಳಿಸಿತು.

ಗಿಡ ನೆಡಲು ತೋಡಿ ಹಾಗೇ ಬಿಟ್ಟಿದ್ದ ಎದೆಮಟ್ಟದ ಗುಂಡಿ, ತುಂಬಾ ತರಗೆಲೆ. ಅದರೊಳಗೆ ಅವಳು ಕೂತಿದ್ದಳು. ಬಲಗೈ ಮಣಿಕಟ್ಟು ಊದಿ ಸೊಟ್ಟಗಾಗಿತ್ತು. ಅದನ್ನು ಎಡಗೈಯಲ್ಲಿ ಮಗುವಿನಂತೆ ಎತ್ತಿಕೊಂಡಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು.

"ಚಪ್ಪಾಳೆ ತಟ್ಟಿದ್ದು ಒಳ್ಳೇದಾಯ್ತು ಕಣೇ," ಎಂದೆ.

"ಈ ಕೈಯಲ್ಲಾ?" ಎಂದಳು.

ಅಷ್ಟರಲ್ಲಿ ಶರಣಪ್ಪ ಬಂದ. ಅವನಿಗೆ ಕೇಳಿಸಿದ್ದು ಒಂದೊಂದೇ ಚಪ್ಪಾಳೆಯಂತೆ, ನನ್ನವು ಮಾತ್ರ.

ಕಟ್ಟು ಹಾಕಿಸಲು ಆಟೋದಲ್ಲಿ ಹೋಗುವಾಗ ವಿಮಲಾ ಮೆಲ್ಲಗೆ ಹೇಳಿದಳು. "ನಗ್ಬೇಡಿ. ಯಾರೂ ನೋಡ್ತಿಲ್ವಲ್ಲ ಅಂತ ನಾನೂ ಆ ಮೂರನೇ ತಿರುವಲ್ಲಿ ಒಂದು ತಟ್ಟಿದೆ. ಪೊದೆ ಒಳಗಿಂದ ಎರಡು ಕೇಳಿಸ್ತು. ನೀವೇ ಬೇಗ ಬಂದು ಹುಡುಕ್ತಿದೀರಿ ಅಂದ್ಕೊಂಡೆ. ಅದಕ್ಕೇ ಆ ಕಡೆ ಹೋದೆ."

ನಾನು ನಗಲಿಲ್ಲ. ಆ ಹೊತ್ತಿಗೆ ನಾನು ಹಲಸೂರಿನ ಹತ್ತಿರ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಜೋತಾಡುತ್ತಿದ್ದೆ.

ಪ್ರತಿಧ್ವನಿ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಮುಂದಿನ ಭಾನುವಾರ ಹಾಡಹಗಲೇ ಅಲ್ಲಿ ನಿಂತು ಕೈ ಕೆಂಪಾಗುವವರೆಗೆ ತಟ್ಟಿದೆ. ಏನೂ ಮರಳಲಿಲ್ಲ. ಅಲ್ಲದೆ ಒಂದು ತಟ್ಟಿದರೆ ಎರಡು ಕೇಳಿಸುವ ಪ್ರತಿಧ್ವನಿ ಯಾವುದು? ಪುಳ್ಳೆಯ ಹೆಂಗಸರನ್ನು ಕೇಳಿದೆ. ಐದಕ್ಕೆ ಮುಂಚೆಯೇ ಹೋಗಿದ್ದರಂತೆ. ಯಾರೋ ಕಿಡಿಗೇಡಿ ಇರಬಹುದು. ಆದರೆ ಒಂದೂವರೆ ಗಂಟೆ ಆ ಮುಳ್ಳಿನಲ್ಲಿ ಕೂತು, ಏನನ್ನೂ ಕೀಳದೆ, ಕದಿಯದೆ, ಚಪ್ಪಾಳೆ ತಟ್ಟಿ ಹೋಗುವ ಕಿಡಿಗೇಡಿ ಯಾರು? ಮುನಿಯಪ್ಪನವರು ಎಲ್ಲವನ್ನೂ ಕೇಳಿ, "ಸಿಕ್ಕಿದ್ರಲ್ಲ, ಬಿಡಿ ಅತ್ಲಾಗೆ," ಎಂದರು. ಮರುದಿನದಿಂದ ಮೂರನೇ ತಿರುವಿನಲ್ಲಿ ಅವರು ಮಾತ್ರ ತಟ್ಟದೆ ಹೋಗುವುದನ್ನು ಗಮನಿಸಿದೆ. ಯಾಕೆಂದು ಕೇಳುವ ಧೈರ್ಯ ಬರಲಿಲ್ಲ.

ನನ್ನನ್ನು ಇವತ್ತಿಗೂ ಕಾಡುವುದು ಇಷ್ಟೇ. ಅವಳನ್ನು ಗುಂಡಿಗೆ ಕರೆದದ್ದೂ, ನನ್ನನ್ನು ಅವಳ ಬಳಿಗೆ ಕರೆದದ್ದೂ ಒಂದೇ ಚಪ್ಪಾಳೆ. ಅದಕ್ಕೆ ಕೈ ಮುಗಿಯಬೇಕೋ, ಶಾಪ ಹಾಕಬೇಕೋ ತಿಳಿಯದೆ ಇಷ್ಟು ವರ್ಷ ಕಳೆದಿದ್ದೇನೆ.

ಮುರಿದ ಕೈ ಕೂಡಿಕೊಂಡ ಮೇಲೆ ವಿಮಲಾ ಮತ್ತೆ ಅದೇ ಪಾರ್ಕಿಗೆ ಹೊರಟಳು. ಬೇಡವೆಂದರೆ ಕೇಳುವವಳಲ್ಲ. ಜೊತೆಗೆ ನಾನೂ ಹೋದೆ. ಮೂರನೇ ತಿರುವು ಬಂದಾಗ ಇಬ್ಬರೂ ಮಾತು ನಿಲ್ಲಿಸಿ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ದಾಟುತ್ತಿದ್ದೆವು. ವಾಕಿಂಗಿನವರು, "ಏನ್ ಸಾರ್, ಈಗ ಹೊಸದಾಗಿ ಮದುವೆನಾ?" ಎಂದು ಕಿಚಾಯಿಸುತ್ತಿದ್ದರು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಹಾಗೆ ಹಿಡಿದುಕೊಂಡರೆ ಅಪ್ಪಿತಪ್ಪಿಯೂ ಇಬ್ಬರಲ್ಲಿ ಒಬ್ಬರಿಗೂ ಚಪ್ಪಾಳೆ ತಟ್ಟಲಾಗುವುದಿಲ್ಲ ಎಂದು ಯಾರಿಗೆ ಹೇಳುವುದು?